ಮನೆಯಿಂದ ಕೆಲಸ ಮಾಡುವವರಿಗೆ ಸೈಬರ್ ಕಾವಲು: ಯಾವುದು ಮೊದಲು, ಯಾವುದು ಆಮೇಲೆ

2022ರಲ್ಲಿ ಲಾಸ್ಟ್‌ಪಾಸ್ ಎಂಬ ಕಂಪನಿಗೆ ದೊಡ್ಡ ಕನ್ನ ಬಿತ್ತು. ಜನರ ಪಾಸ್‌ವರ್ಡ್‌ಗಳನ್ನು ಜೋಪಾನವಾಗಿ ಇಟ್ಟುಕೊಡುವುದೇ ಆ ಕಂಪನಿಯ ಕಸುಬು. ಅಂಥ ಕಡೆಗೂ ಕಳ್ಳರು ದಾರಿ ಮಾಡಿಕೊಂಡದ್ದು ಒಬ್ಬ ಎಂಜಿನಿಯರ್ ಮನೆಯಲ್ಲಿದ್ದ ಕಂಪ್ಯೂಟರ್ ಮೂಲಕ. ಅದರಲ್ಲಿ ಸಿನಿಮಾ, ಹಾಡು ಇಟ್ಟುಕೊಳ್ಳುವ ಒಂದು ಸಾಫ್ಟ್‌ವೇರ್ ಇತ್ತು. ಅದನ್ನು ಅಪ್‌ಡೇಟ್ ಮಾಡಿರಲಿಲ್ಲ. ಆ ತೂತಿನಿಂದ ನುಗ್ಗಿದವರು, ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ಬರೆದುಕೊಳ್ಳುವ ಪ್ರೋಗ್ರಾಂ ಒಂದನ್ನು ಒಳಗೆ ಕೂರಿಸಿದರು. ಎಂಜಿನಿಯರ್ ಮುಖ್ಯ ಪಾಸ್‌ವರ್ಡ್ ಟೈಪ್ ಮಾಡಿದಾಗ ಅದೂ ಅವರ ಕೈ ಸೇರಿತು.

ಆ ಎಂಜಿನಿಯರ್ ಏನೂ ತಿಳಿಯದವರಲ್ಲ. ಆದರೂ ಹೀಗಾಯಿತು. ಯಾಕೆಂದರೆ ಆಫೀಸಿನಲ್ಲಿ ನಮಗೆ ಗೊತ್ತಿಲ್ಲದೇ ಸಿಗುವ ಎರಡು ಅನುಕೂಲ ಮನೆಯಲ್ಲಿ ಇರುವುದಿಲ್ಲ. ಒಂದು, ನೆಟ್‌ವರ್ಕ್ ಮತ್ತು ಕಂಪ್ಯೂಟರ್‌ಗಳನ್ನು ನೋಡಿಕೊಳ್ಳಲು ಅಲ್ಲಿ ಯಾರೋ ಒಬ್ಬರು ಇರುತ್ತಾರೆ. ಇನ್ನೊಂದು, ಪಕ್ಕದ ಕುರ್ಚಿಯವರನ್ನು "ಈ ಮೇಲ್ ನಿಮಗೂ ಬಂತಾ? ನಿಜಾನಾ ಇದು?" ಎಂದು ಕೇಳಬಹುದು. ನನ್ನ ಪ್ರಕಾರ ಈ ಎರಡನೆಯದೇ ದೊಡ್ಡ ರಕ್ಷಣೆ. ಕೆಳಗಿನ ಹೆಜ್ಜೆಗಳೆಲ್ಲ ಈ ಎರಡು ಕೊರತೆಗಳನ್ನು ತುಂಬಿಕೊಳ್ಳುವುದಕ್ಕೇ. ಒಂದೇ ದಿನದಲ್ಲಿ ಎಲ್ಲ ಆಗುವುದಿಲ್ಲ. ಮೊದಲ ಮೂರನ್ನು ಈ ವಾರ ಮುಗಿಸಿ, ಉಳಿದದ್ದು ನಿಧಾನವಾಗಿ ಆಗಲಿ.

ಹೆಜ್ಜೆ 1: ಕೆಲಸದ ಕಂಪ್ಯೂಟರ್ ಬೇರೆ, ಮನೆಯದು ಬೇರೆ

ಕಂಪನಿ ಲ್ಯಾಪ್‌ಟಾಪ್ ಕೊಟ್ಟಿದ್ದರೆ ಕೆಲಸ ಅದರಲ್ಲಿ ಮಾತ್ರ, ಅದರಲ್ಲಿ ಕೆಲಸ ಮಾತ್ರ. ಮಕ್ಕಳ ಹೋಂವರ್ಕ್, ಗೇಮ್, ಸಿನಿಮಾ ಯಾವುದೂ ಅದರೊಳಗೆ ಬೇಡ. ಇದರ ಉಲ್ಟಾನೂ ಅಷ್ಟೇ ಮುಖ್ಯ: ಆಫೀಸ್ ಮೇಲ್ ಅನ್ನು ಮನೆಯ ಹಳೇ ಕಂಪ್ಯೂಟರ್‌ನಲ್ಲಿ "ಒಂದೇ ನಿಮಿಷ" ಎಂದು ತೆರೆಯಬೇಡಿ.

ಇಷ್ಟು ಬಿಗಿ ಯಾಕೆ ಅಂತೀರಾ? ಇವತ್ತು ತುಂಬ ಕಡೆ ಕಳ್ಳತನ ನಡೆಯುವುದು ಇನ್ಫೋಸ್ಟೀಲರ್ ಎಂಬ ಜಾತಿಯ ಕಳ್ಳ ಪ್ರೋಗ್ರಾಂಗಳಿಂದ. ಇವು ಪುಕ್ಕಟೆ ಸಿಗುವ ಪೈರೇಟೆಡ್ ಸಾಫ್ಟ್‌ವೇರ್, ಗೇಮ್‌ನಲ್ಲಿ ಗೆಲ್ಲಿಸುವ ಚೀಟ್, ನಕಲಿ ಅಪ್‌ಡೇಟ್‌ಗಳ ಜೊತೆ ಬರುತ್ತವೆ. ಪರದೆಯ ಮೇಲೆ ಏನೂ ಕಾಣಿಸುವುದಿಲ್ಲ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ ಕುಕೀಗಳನ್ನೂ ಬಾಚಿಕೊಂಡು ಹೋಗುತ್ತವೆ. ಕುಕೀ ಎಂದರೆ ನೀವು ಲಾಗಿನ್ ಆದ ಮೇಲೆ ವೆಬ್‌ಸೈಟ್ ನಿಮ್ಮ ಬ್ರೌಸರ್‌ಗೆ ಕೊಡುವ ಗುರುತಿನ ಚೀಟಿ. ಅದು ಕಳ್ಳನ ಕೈಗೆ ಸಿಕ್ಕರೆ ಅವನಿಗೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ನೇರ ಒಳಗೆ ಬರುತ್ತಾನೆ.

ಇನ್ನೊಂದು ಕಳ್ಳದಾರಿ ಬ್ರೌಸರ್‌ನ ಸಿಂಕ್. ಆಫೀಸ್ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ನಿಮ್ಮ ಸ್ವಂತ ಗೂಗಲ್ ಖಾತೆ ತೆರೆದಿಟ್ಟರೆ, ಅಲ್ಲಿ ಉಳಿಸಿದ ಆಫೀಸ್ ಪಾಸ್‌ವರ್ಡ್ ಸದ್ದಿಲ್ಲದೆ ನಿಮ್ಮ ಸ್ವಂತ ಖಾತೆಗೂ ಹೋಗಿ ಕೂರುತ್ತದೆ. 2022ರಲ್ಲಿ ಸಿಸ್ಕೋಗೆ, 2023ರಲ್ಲಿ ಓಕ್ಟಾಗೆ ಪೆಟ್ಟು ಬಿದ್ದದ್ದರ ಹಿಂದೆ ಇದೇ ಇತ್ತು. ಎರಡೂ ಭದ್ರತೆಯ ವ್ಯವಹಾರದಲ್ಲಿರುವ ಕಂಪನಿಗಳು ಎಂಬುದನ್ನು ಗಮನಿಸಿ. ಆದ್ದರಿಂದ ಈಗಲೇ ಆಫೀಸ್ ಬ್ರೌಸರ್ ತೆರೆದು, ಬಲಗಡೆ ಮೇಲಿನ ಮೂಲೆಯಲ್ಲಿ ಯಾವ ಖಾತೆಯ ಚಿತ್ರ ಕಾಣುತ್ತದೆ ನೋಡಿ. ನಿಮ್ಮ ಸ್ವಂತದ್ದಾಗಿದ್ದರೆ ಹೊರಗೆ ಬನ್ನಿ.

ಇರುವುದು ಒಂದೇ ಕಂಪ್ಯೂಟರ್ ಆದರೆ? ಸೆಟ್ಟಿಂಗ್ಸ್‌ಗೆ ಹೋಗಿ ಕೆಲಸಕ್ಕೆಂದೇ ಬೇರೆ ಯೂಸರ್ ಖಾತೆ ಮಾಡಿಕೊಳ್ಳಿ. ಅದು ಅಡ್ಮಿನಿಸ್ಟ್ರೇಟರ್ ಖಾತೆ ಆಗಿರಬಾರದು, ಸ್ಟ್ಯಾಂಡರ್ಡ್ ಸಾಕು. ಮನೆಯವರಿಗೂ ಒಂದು ಸ್ಟ್ಯಾಂಡರ್ಡ್ ಖಾತೆ ಮಾಡಿಕೊಡಿ. ಅಡ್ಮಿನಿಸ್ಟ್ರೇಟರ್ ಖಾತೆಯನ್ನು ಸಾಫ್ಟ್‌ವೇರ್ ಹಾಕುವಾಗ ಮಾತ್ರ ಬಳಸಿ. ಇದು ಕಲ್ಲಿನ ಗೋಡೆಯೇನಲ್ಲ, ಆದರೂ ಎಲ್ಲರೂ ಒಂದೇ ಖಾತೆಯಲ್ಲಿ ಓಡಾಡುವುದಕ್ಕಿಂತ ಎಷ್ಟೋ ವಾಸಿ.

ಇದೇ ಹೊತ್ತಿನಲ್ಲಿ ಇನ್ನೆರಡು ಕೆಲಸ ಮುಗಿಸಿಬಿಡಿ. ಡಿಸ್ಕ್ ಎನ್‌ಕ್ರಿಪ್ಷನ್ ಆನ್ ಮಾಡಿ. ವಿಂಡೋಸ್‌ನಲ್ಲಿ ಅದರ ಹೆಸರು ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್. ಲ್ಯಾಪ್‌ಟಾಪ್ ಕಳೆದುಹೋದರೂ ಒಳಗಿನ ಫೈಲ್ ಯಾರಿಗೂ ಓದಲು ಬರುವುದಿಲ್ಲ. ಅದು ಕೊಡುವ ರಿಕವರಿ ಕೀಯನ್ನು (ಬೀಗ ತೆರೆಯದಿದ್ದಾಗ ಬೇಕಾಗುವ ಉದ್ದ ಕೋಡ್) ಮಾತ್ರ ಅದೇ ಲ್ಯಾಪ್‌ಟಾಪಿನಲ್ಲಿ ಇಡಬೇಡಿ. ಇನ್ನು, ಕುರ್ಚಿ ಬಿಟ್ಟು ಏಳುವಾಗ ಪರದೆ ಲಾಕ್ ಮಾಡಿ: ವಿಂಡೋಸ್ ಕೀ ಜೊತೆ ಎಲ್, ಮ್ಯಾಕ್‌ನಲ್ಲಿ ಕಂಟ್ರೋಲ್, ಕಮಾಂಡ್, ಕ್ಯೂ.

ಹೆಜ್ಜೆ 2: ಅಪ್‌ಡೇಟ್ ಮುಂದೂಡಬೇಡಿ

2017ರ ಮೇ 12ರಂದು ಫೈಲ್‌ಗಳಿಗೆ ಬೀಗ ಹಾಕಿ, ತೆರೆಯಲು ಹಣ ಕೇಳುವ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನು ಬೀಗ ಹಾಕಿ ಕೂರಿಸಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಕೆಲಸವೇ ನಿಂತಿತು. ಅದು ಬಳಸಿದ ತೂತನ್ನು ಮುಚ್ಚುವ ಅಪ್‌ಡೇಟ್ ಅನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಎರಡು ತಿಂಗಳು ಸಮಯ ಇತ್ತು, ಅಲ್ವಾ?

ಕಂಪ್ಯೂಟರ್, ಫೋನ್, ಬ್ರೌಸರ್ ಮೂರರಲ್ಲೂ ಆಟೋಮ್ಯಾಟಿಕ್ ಅಪ್‌ಡೇಟ್ ಆನ್ ಇಡಿ. ಬ್ರೌಸರ್ ಅಪ್‌ಡೇಟ್ ಪೂರ್ತಿ ಆಗುವುದು ಅದನ್ನು ಮುಚ್ಚಿ ತೆರೆದಾಗ ಮಾತ್ರ. ಐವತ್ತು ಟ್ಯಾಬ್ ತೆರೆದಿಟ್ಟು ವಾರಗಟ್ಟಲೆ ಮುಚ್ಚದವರು ಇದನ್ನು ನೆನಪಿಡಿ. ಬಳಸದ ಸಾಫ್ಟ್‌ವೇರ್, ಬ್ರೌಸರ್ ಎಕ್ಸ್‌ಟೆನ್ಷನ್‌ಗಳನ್ನು ತೆಗೆದುಹಾಕಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದರಲ್ಲೇ ಇದ್ದರೆ ಬದಲಾಯಿಸುವ ಯೋಚನೆ ಮಾಡಿ.

ಆ್ಯಂಟಿವೈರಸ್ ಕೊಳ್ಳಬೇಕಾ ಎಂದು ಎಲ್ಲರೂ ಕೇಳುತ್ತಾರೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಹೆಚ್ಚಿನವರಿಗೆ ಸಾಕು. ಅದು ಆನ್ ಇದೆಯಾ ಎಂದು ನೋಡಿದರೆ ಆಯಿತು. ದುಡ್ಡು ಖರ್ಚು ಮಾಡುವ ಮನಸ್ಸಿದ್ದರೆ ಮುಂದಿನ ಹೆಜ್ಜೆಯಲ್ಲಿ ಬರುವ ಸೆಕ್ಯುರಿಟಿ ಕೀಗೆ ಹಾಕಿ.

ಹೆಜ್ಜೆ 3: ಪಾಸ್‌ವರ್ಡ್, ಅದರ ಮೇಲೆ ಇನ್ನೊಂದು ಬೀಗ

2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ ತನ್ನ ಇಂಧನ ಕೊಳವೆಯನ್ನೇ ಕೆಲವು ದಿನ ನಿಲ್ಲಿಸಬೇಕಾಯಿತು. ದಾಳಿಕೋರರು ಒಳಗೆ ಬಂದದ್ದು ದೂರದಿಂದ ಕೆಲಸ ಮಾಡುವವರಿಗೆಂದು ಇದ್ದ ಒಂದು ಹಳೆಯ ವಿಪಿಎನ್ (ಹೊರಗಿನಿಂದ ಆಫೀಸ್ ನೆಟ್‌ವರ್ಕ್ ಸೇರುವ ದಾರಿ) ಖಾತೆಯಿಂದ. ಯಾರೂ ಬಳಸುತ್ತಿರಲಿಲ್ಲ, ಆದರೆ ಮುಚ್ಚಿರಲೂ ಇಲ್ಲ. ಅದಕ್ಕೆ ಓಟಿಪಿಯಂಥ ಎರಡನೇ ಹಂತದ ಪರಿಶೀಲನೆ ಇರಲಿಲ್ಲ. ಬರೀ ಪಾಸ್‌ವರ್ಡ್ ಸಾಕಾಯಿತು. ಕಂಪನಿ ಸುಮಾರು 44 ಲಕ್ಷ ಡಾಲರ್ ಒತ್ತೆಹಣ ಕಟ್ಟಿತು.

ಮೊದಲು ಒಂದು ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಳ್ಳಿ. ನಿಮ್ಮ ಪಾಸ್‌ವರ್ಡ್‌ಗಳನ್ನೆಲ್ಲ ಒಂದೇ ಬೀಗದೊಳಗೆ ನೆನಪಿಟ್ಟುಕೊಳ್ಳುವ ಆ್ಯಪ್ ಅದು. ಬಿಟ್‌ವಾರ್ಡನ್, 1ಪಾಸ್‌ವರ್ಡ್, ಕೀಪಾಸ್‌ಎಕ್ಸ್‌ಸಿ ಯಾವುದಾದರೂ ಆದೀತು. ಲಾಸ್ಟ್‌ಪಾಸ್ ಕಥೆ ಓದಿದ ಮೇಲೂ ಇದನ್ನೇ ಹೇಳುತ್ತೀಯಾ ಎಂದರೆ, ಹೌದು. ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದು ಅದಕ್ಕಿಂತ ಅಪಾಯ. ಒಂದು ಸಣ್ಣ ವೆಬ್‌ಸೈಟಿನಿಂದ ಸೋರಿದ ಪಾಸ್‌ವರ್ಡನ್ನು ಕಳ್ಳರು ಮೇಲ್‌ಗೂ ಬ್ಯಾಂಕಿಗೂ ಹಾಕಿ ನೋಡುತ್ತಾರೆ, ಅದೂ ಯಂತ್ರದಿಂದ, ಸಾವಿರಗಟ್ಟಲೆ ಸಲ. ಮ್ಯಾನೇಜರ್‌ನ ಮುಖ್ಯ ಪಾಸ್‌ವರ್ಡ್ ಉದ್ದ ಇರಲಿ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳನ್ನು ಜೋಡಿಸಿದರೆ ನೆನಪಿಗೂ ಸುಲಭ, ಮುರಿಯಲೂ ಕಷ್ಟ. ತಿಂಗಳಿಗೊಮ್ಮೆ ಸುಮ್ನೆ ಬದಲಾಯಿಸುವ ಹಳೇ ಪದ್ಧತಿ ಬಿಡಿ. ಸೋರಿದ ಸುಳಿವು ಸಿಗದೆ ಬದಲಾಯಿಸಲು ಒತ್ತಾಯಿಸಬಾರದು ಎಂದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ. ಜನ ಕೊನೆಯ ಅಂಕಿಯನ್ನು 1 ಇದ್ದದ್ದು 2 ಮಾಡಿ ಕೈತೊಳೆದುಕೊಳ್ಳುತ್ತಾರೆ, ಅಷ್ಟೇ. ನಿಮ್ಮ ಮೇಲ್ ವಿಳಾಸ ಯಾವುದಾದರೂ ಸೋರಿಕೆಯಲ್ಲಿ ಇದೆಯಾ ಎಂದು ಹ್ಯಾವ್ ಐ ಬೀನ್ ಪೋನ್ಡ್ ಎಂಬ ತಾಣದಲ್ಲಿ ಪುಕ್ಕಟೆ ನೋಡಬಹುದು. ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ್ದು ಅದು.

ಆಮೇಲೆ ಎರಡನೇ ಬೀಗ. ಶುರು ಮಾಡಬೇಕಾದ್ದು ಇಮೇಲ್ ಖಾತೆಯಿಂದ. ಬೇರೆ ಎಲ್ಲ ಖಾತೆಗಳ "ಪಾಸ್‌ವರ್ಡ್ ಮರೆತಿರಾ?" ಲಿಂಕ್ ಬಂದು ಬೀಳುವುದು ಅಲ್ಲಿಗೇ. ಎಸ್ಎಂಎಸ್‌ನಲ್ಲಿ ಬರುವ ಓಟಿಪಿ ಇಲ್ಲದ್ದಕ್ಕಿಂತ ಮೇಲು. ಫೋನಿನಲ್ಲೇ ಕೋಡ್ ಹುಟ್ಟಿಸುವ ಆಥೆಂಟಿಕೇಟರ್ ಆ್ಯಪ್ ಅದಕ್ಕಿಂತ ಮೇಲು. ಎಲ್ಲಕ್ಕಿಂತ ಗಟ್ಟಿ ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನ್ ಅಥವಾ ಕಂಪ್ಯೂಟರಿನಲ್ಲೇ ಕೂರುವ ಡಿಜಿಟಲ್ ಕೀಲಿ) ಅಥವಾ ಯುಎಸ್‌ಬಿಯಲ್ಲಿ ಚುಚ್ಚುವ ಸೆಕ್ಯುರಿಟಿ ಕೀ. ಕಾರಣ ಸರಳ. ನಕಲಿ ಲಾಗಿನ್ ಪುಟ ಈಗ ಪಾಸ್‌ವರ್ಡ್ ಜೊತೆಗೆ ಓಟಿಪಿಯನ್ನೂ ಕೇಳಿ, ಅದೇ ಕ್ಷಣ ಅಸಲಿ ತಾಣಕ್ಕೆ ಹಾಕಿ ಒಳಗೆ ಹೋಗುತ್ತದೆ. ಪಾಸ್‌ಕೀ ಮಾತ್ರ ಅಸಲಿ ತಾಣದ ವಿಳಾಸಕ್ಕೇ ಕಟ್ಟಿಕೊಂಡಿರುತ್ತದೆ. ಪುಟ ನಕಲಿಯಾದರೆ ನೀವು ಮೋಸ ಹೋದರೂ ಅದು ಹೋಗುವುದಿಲ್ಲ.

ಒಂದು ಎಚ್ಚರಿಕೆ. ಫೋನಿಗೆ "ಲಾಗಿನ್ ಒಪ್ಪುತ್ತೀರಾ?" ಎಂಬ ಸೂಚನೆ ನೀವು ಕೇಳದೆ ಬಂದರೆ, ಪಾಸ್‌ವರ್ಡ್ ಆಗಲೇ ಬೇರೆಯವರ ಕೈಲಿರಬಹುದು ಎಂದೇ ತಿಳಿಯಿರಿ. 2022ರಲ್ಲಿ ಊಬರ್‌ನ ಗುತ್ತಿಗೆ ಕೆಲಸಗಾರರೊಬ್ಬರಿಗೆ ಇಂಥ ಸೂಚನೆ ಮೇಲಿಂದ ಮೇಲೆ ಬಂದವು. ಕೊನೆಗೆ ಒಂದನ್ನು ಒಪ್ಪಿದರು, ಕಳ್ಳ ಒಳಗೆ ಬಂದ. ಬೇಡ ಎಂದು ಒತ್ತಿ, ಪಾಸ್‌ವರ್ಡ್ ಬದಲಾಯಿಸಿ, ಆಫೀಸಿಗೆ ತಿಳಿಸಿ. ಫೋನ್ ಕಳೆದರೆ ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿ ಇಡಿ. ಹೌದು, ಕಾಗದದಲ್ಲೇ. ಬೀರುವಿಗೆ ಇಂಟರ್ನೆಟ್ ಇಲ್ಲ.

ಹೆಜ್ಜೆ 4: ರೂಟರ್‌ಗೆ ಅರ್ಧ ಗಂಟೆ

ಅರ್ಧ ಗಂಟೆ ಬಿಡುವು ಮಾಡಿಕೊಂಡು ರೂಟರ್ (ಮನೆಗೆ ವೈಫೈ ಕೊಡುವ ಪೆಟ್ಟಿಗೆ) ತಳಭಾಗದ ಸ್ಟಿಕ್ಕರ್ ನೋಡಿ. 192.168.1.1 ಅಥವಾ 192.168.0.1 ಎಂಬಂಥ ವಿಳಾಸ ಇರುತ್ತದೆ. ಅದನ್ನು ಬ್ರೌಸರ್‌ನಲ್ಲಿ ಹಾಕಿದರೆ ರೂಟರ್‌ನ ಸೆಟ್ಟಿಂಗ್ಸ್ ಪುಟ ತೆರೆಯುತ್ತದೆ. ಒಳಗೆ ಹೋಗಿ ಈ ಕೆಲಸಗಳನ್ನು ಮಾಡಿ.

- ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ಸೆಟ್ಟಿಂಗ್ಸ್ ಪುಟದ್ದು. 2016ರಲ್ಲಿ ಮಿರಾಯ್ ಎಂಬ ಕಳ್ಳ ಪ್ರೋಗ್ರಾಂ ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್‌ಗಳ ಒಂದು ಸಣ್ಣ ಪಟ್ಟಿ ಹಿಡಿದುಕೊಂಡೇ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಕ್ಕೆ ತೆಗೆದುಕೊಂಡಿತ್ತು.
- ಫರ್ಮ್‌ವೇರ್ (ರೂಟರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಇದ್ದರೆ ಹಾಕಿ. ತಯಾರಕರು ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ್ದರೆ ರೂಟರ್ ಬದಲಾಯಿಸುವ ಕಾಲ ಬಂದಿದೆ.
- ವೈಫೈ ಭದ್ರತೆಯಲ್ಲಿ ಡಬ್ಲ್ಯೂಪಿಎ3 ಆಯ್ಕೆ ಮಾಡಿ, ಅದಿಲ್ಲದಿದ್ದರೆ ಡಬ್ಲ್ಯೂಪಿಎ2. ಡಬ್ಲ್ಯೂಇಪಿ ಮಾತ್ರ ಬೇಡವೇ ಬೇಡ, ಅದರ ದೌರ್ಬಲ್ಯ 2001ರಲ್ಲೇ ಬಯಲಾಗಿದೆ.
- ಡಬ್ಲ್ಯೂಪಿಎಸ್ ಆಫ್ ಮಾಡಿ. ವೈಫೈ ಪಾಸ್‌ವರ್ಡ್ ಬದಲು ಗುಂಡಿ ಒತ್ತಿ ಅಥವಾ ಪಿನ್ ಹಾಕಿ ಸೇರುವ ಸುಲಭ ದಾರಿ ಅದು. ಅದರ ಪಿನ್ 8 ಅಂಕಿಯದ್ದಾದರೂ ರೂಟರ್ ಅದನ್ನು ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ. ಹಾಗಾಗಿ ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಪಿನ್ ಸಿಕ್ಕಿಬಿಡುತ್ತದೆ.
- ಹೊರಗಿನಿಂದ ರೂಟರ್ ನಿರ್ವಹಿಸುವ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಇರಲಿ. ಮನೆಯ ಕಂಪ್ಯೂಟರ್‌ಗೆ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬರಲೆಂದು 3389 ಪೋರ್ಟ್ (ನೆಟ್‌ವರ್ಕ್‌ನ ಒಂದು ಬಾಗಿಲು) ತೆರೆದಿದ್ದರೆ ಇವತ್ತೇ ಮುಚ್ಚಿ. ಇಂಥ ಬಾಗಿಲು ಹುಡುಕುತ್ತಾ ಯಂತ್ರಗಳು ಹಗಲೂ ರಾತ್ರಿ ಇಂಟರ್ನೆಟ್ ಸುತ್ತುತ್ತಿರುತ್ತವೆ.
- ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ. ಟಿವಿ, ಕ್ಯಾಮೆರಾ, ಸ್ಮಾರ್ಟ್ ಬಲ್ಬ್, ಬಂದುಹೋಗುವವರ ಫೋನ್ ಎಲ್ಲ ಅದರಲ್ಲಿ ಇರಲಿ. ಕೆಲಸದ ಲ್ಯಾಪ್‌ಟಾಪ್ ಅವುಗಳ ಸಹವಾಸದಿಂದ ದೂರ ಇರಲಿ.

ವೈಫೈ ಹೆಸರನ್ನು ಮರೆಮಾಡುವುದು, ಪ್ರತಿ ಫೋನಿನ ಮ್ಯಾಕ್ ವಿಳಾಸ (ಆ ಸಾಧನದ ಗುರುತಿನ ಸಂಖ್ಯೆ; ಮ್ಯಾಕ್ ಕಂಪ್ಯೂಟರ್‌ಗೆ ಸಂಬಂಧವಿಲ್ಲ) ಬರೆದು ಸೋಸುವುದು ಇವೆಲ್ಲ ಶ್ರಮ ಜಾಸ್ತಿ, ಲಾಭ ಕಡಿಮೆ. ಬಿಟ್ಟುಬಿಡಿ. ಜಾಹೀರಾತಿನ ವಿಪಿಎನ್ ಬಗ್ಗೆಯೂ ಒಂದು ಮಾತು: ಆಫೀಸ್ ಕೊಟ್ಟ ವಿಪಿಎನ್ ಇದ್ದರೆ ಬಳಸಲೇಬೇಕು, ಅದು ನಿಮ್ಮನ್ನು ಆಫೀಸ್ ನೆಟ್‌ವರ್ಕ್‌ಗೆ ಸೇರಿಸುವ ದಾರಿ. ತಿಂಗಳ ಬಾಡಿಗೆಗೆ ಸಿಗುವ ವಿಪಿಎನ್‌ಗಳು ನಕಲಿ ಮೇಲ್‌ನಿಂದಾಗಲಿ, ಇನ್ಫೋಸ್ಟೀಲರ್‌ನಿಂದಾಗಲಿ ಕಾಪಾಡುವುದಿಲ್ಲ.

ಹೆಜ್ಜೆ 5: ಕೇಳಲು ಒಬ್ಬರನ್ನು ಇಟ್ಟುಕೊಳ್ಳಿ

ಇಲ್ಲಿಯವರೆಗಿನದ್ದು ಯಂತ್ರದ ಕೆಲಸ. ಈಗ ಬರುವುದು ನಿಜವಾದ ಯುದ್ಧಭೂಮಿ.

2020ರ ಜುಲೈನಲ್ಲಿ ಟ್ವಿಟರ್‌ನಲ್ಲಿ ಬರಾಕ್ ಒಬಾಮ, ಬಿಲ್ ಗೇಟ್ಸ್, ಇಲಾನ್ ಮಸ್ಕ್ ಖಾತೆಗಳಿಂದ ಬಿಟ್‌ಕಾಯಿನ್ ಕೇಳುವ ಸಂದೇಶಗಳು ಬಂದದ್ದು ನೆನಪಿರಬಹುದು. ಅದರ ಹಿಂದೆ ಇದ್ದದ್ದು ಮುಖ್ಯವಾಗಿ ಫೋನ್ ಕರೆಗಳು. ಕೋವಿಡ್ ಕಾಲ, ಎಲ್ಲರೂ ಮನೆಯಿಂದ ಕೆಲಸ, ವಿಪಿಎನ್ ತೊಂದರೆ ಮಾಮೂಲಿ. "ನಾವು ಐಟಿ ಹೆಲ್ಪ್‌ಡೆಸ್ಕ್‌ನಿಂದ, ನಿಮ್ಮ ವಿಪಿಎನ್ ಸಮಸ್ಯೆ ಸರಿಮಾಡುತ್ತೇವೆ" ಎಂದು ಸಿಬ್ಬಂದಿಗೆ ಕರೆ ಬಂತು. ನಕಲಿ ಪುಟದಲ್ಲಿ ಪಾಸ್‌ವರ್ಡೂ ಕೋಡೂ ಹಾಕಿಸಿಕೊಂಡರು. ತೊಂದರೆ ನಿಜವಾಗಿಯೂ ಇತ್ತಲ್ಲ, ಅದಕ್ಕೇ ಜನ ನಂಬಿದರು.

2024ರಲ್ಲಿ ಬಯಲಾದ ಇನ್ನೊಂದು ಪ್ರಕರಣ ಇನ್ನೂ ವಿಚಿತ್ರ. ಆರಪ್ ಎಂಬ ಎಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಸಿಬ್ಬಂದಿಯೊಬ್ಬರಿಗೆ ಗುಟ್ಟಾಗಿ ಹಣ ಕಳಿಸುವಂತೆ ಮೇಲ್ ಬಂತು. ಮೊದಲು ಅವರಿಗೂ ಅನುಮಾನ ಬಂದಿತ್ತು. ಆಮೇಲೆ ವಿಡಿಯೋ ಮೀಟಿಂಗ್‌ಗೆ ಕರೆದರು. ಅಲ್ಲಿ ಕಂಪನಿಯ ಹಣಕಾಸು ಮುಖ್ಯಸ್ಥರು, ಗೊತ್ತಿರುವ ಸಹೋದ್ಯೋಗಿಗಳು ಎಲ್ಲ ಕೂತಿದ್ದರು. ಎಲ್ಲರೂ ಡೀಪ್‌ಫೇಕ್, ಅಂದರೆ ಎಐ ಹುಟ್ಟಿಸಿದ ನಕಲಿ ಮುಖ, ನಕಲಿ ದನಿ. ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ 15 ಕಂತುಗಳಲ್ಲಿ ಹೋಯಿತು.

ಅಂದರೆ ಮುಖ ನೋಡಿ, ದನಿ ಕೇಳಿ ನಂಬುವ ಕಾಲ ಮುಗಿಯಿತು. ತಪ್ಪು ವ್ಯಾಕರಣ ಹುಡುಕುವ ಹಳೇ ಉಪಾಯವೂ ಈಗ ನಡೆಯುವುದಿಲ್ಲ. ಎಐ ಬರೆದುಕೊಟ್ಟ ಮೋಸದ ಮೇಲ್ ನಮ್ಮ ಮೇಲ್‌ಗಿಂತ ಚೆನ್ನಾಗಿರುತ್ತದೆ. ಹಾಗಾದರೆ ಉಳಿಯುವ ದಾರಿ ಒಂದೇ: ಬಂದ ದಾರಿಯಲ್ಲೇ ಉತ್ತರಿಸದೆ, ಬೇರೆ ದಾರಿಯಲ್ಲಿ ಹೋಗಿ ಕೇಳುವುದು.

ಹಣ, ಪಾಸ್‌ವರ್ಡ್, ಬ್ಯಾಂಕ್ ಖಾತೆ ಬದಲಾವಣೆ, ಗಿಫ್ಟ್ ಕಾರ್ಡ್, ಗ್ರಾಹಕರ ಪಟ್ಟಿ, ಇವುಗಳಲ್ಲಿ ಯಾವುದನ್ನೇ ಕೇಳಿದರೂ ಕರೆ ಕಟ್ ಮಾಡಿ. ನಿಮ್ಮ ಬಳಿ ಮೊದಲೇ ಇದ್ದ ನಂಬರಿಗೆ ನೀವೇ ಫೋನ್ ಮಾಡಿ. ಮೇಲ್‌ನಲ್ಲಿ ಕೊಟ್ಟ ನಂಬರ್ ಅಲ್ಲ, ಹಳೇ ನಂಬರ್. ಮಾಮೂಲಿ ಸರಬರಾಜುದಾರರು "ಇನ್ನು ಮುಂದೆ ಈ ಖಾತೆಗೆ ಹಾಕಿ" ಎಂದು ಬರೆದರೂ ಇದೇ ನಿಯಮ. ಅವರ ಮೇಲ್ ಖಾತೆಯೇ ಕಳ್ಳನ ಕೈಲಿರಬಹುದು.

ಇದಕ್ಕೆ ಮೊದಲೇ ಮೇಲಧಿಕಾರಿಯ ಹತ್ತಿರ ಮಾತಾಡಿಕೊಳ್ಳುವುದು ಒಳ್ಳೆಯದು. "ಸರ್, ಹಣದ ವಿಷಯದಲ್ಲಿ ನೀವು ಮೇಲ್ ಮಾಡಿದರೂ ನಾನು ಒಮ್ಮೆ ಫೋನ್ ಮಾಡಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ" ಎಂದರೆ ಸಾಕು. ಬೇಡ ಎನ್ನುವ ಮೇಲಧಿಕಾರಿ ಸಿಕ್ಕುವುದು ಅಪರೂಪ. ಮೋಸಗಾರರ ಬಂಡವಾಳವೇ ನಮ್ಮ ಸಂಕೋಚ ಮತ್ತು ಅವಸರ. ಜೊತೆಗೆ ತಂಡದಲ್ಲಿ ಒಬ್ಬರೊಂದಿಗೆ ಒಪ್ಪಂದ ಮಾಡಿಕೊಳ್ಳಿ: ಅನುಮಾನದ ಮೇಲ್ ಬಂದರೆ ಪರಸ್ಪರ ಸ್ಕ್ರೀನ್‌ಶಾಟ್ ಕಳಿಸಿ ಕೇಳುವುದು, ಯಾರೂ ನಗಬಾರದು.

ಇನ್ನು ಕೆಲವು ಗೆರೆಗಳನ್ನು ದಾಟಲೇಬೇಡಿ. ಓಟಿಪಿ ಯಾರಿಗೂ ಹೇಳಬೇಡಿ, ಐಟಿಯವರಿಗೂ. ಕೇಳದೆ ಕರೆ ಮಾಡಿದವರ ಮಾತು ಕೇಳಿ ಎನಿಡೆಸ್ಕ್, ಟೀಮ್‌ವ್ಯೂವರ್ ಥರದ ಆ್ಯಪ್ ಹಾಕಬೇಡಿ. ಆ್ಯಪ್‌ಗಳು ಕೆಟ್ಟವಲ್ಲ, ಆದರೆ ಕಂಪ್ಯೂಟರನ್ನೇ ಅವರ ಕೈಗೆ ಕೊಟ್ಟಂತೆ. "ನೀವು ರೋಬೋ ಅಲ್ಲ ಎಂದು ತೋರಿಸಿ" ಎನ್ನುವ ಪುಟ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಪೇಸ್ಟ್ ಮಾಡಿ, ಎಂಟರ್ ಒತ್ತಿ ಎಂದು ಹೇಳಿದರೆ ತಕ್ಷಣ ಮುಚ್ಚಿ. ಇದಕ್ಕೆ ಕ್ಲಿಕ್‌ಫಿಕ್ಸ್ ಎಂದು ಹೆಸರು. ಕಳ್ಳ ಪ್ರೋಗ್ರಾಂ ಅನ್ನು ನಿಮ್ಮ ಕೈಯಿಂದಲೇ ಓಡಿಸುವ ಉಪಾಯ ಇದು. ನಿಜವಾದ ಯಾವ ಪರೀಕ್ಷೆಯೂ ಹಾಗೆ ಕೇಳುವುದಿಲ್ಲ. ಲಾಗಿನ್ ಪುಟದಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ತಾನಾಗಿ ತುಂಬಲು ಮುಂದೆ ಬರದಿದ್ದರೆ ಅಲ್ಲೇ ನಿಲ್ಲಿ. ವಿಳಾಸ ಹೊಂದುತ್ತಿಲ್ಲ ಎಂದು ಅದು ಹೇಳುತ್ತಿರಬಹುದು.

ಹೆಜ್ಜೆ 6: ಬ್ಯಾಕಪ್

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ. ಹಳೇ ಸೂತ್ರ, ಈಗಲೂ ಸರಿ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿದ ಮೇಲೆ ಅದನ್ನು ಕಳಚಿಡಿ, ಯಾಕೆಂದರೆ ರ‍್ಯಾನ್ಸಮ್‌ವೇರ್ ಸಿಕ್ಕಿಸಿದ ಡಿಸ್ಕನ್ನೂ ಬಿಡುವುದಿಲ್ಲ. ಕ್ಲೌಡ್‌ನಲ್ಲಿ ಸಿಂಕ್ ಆಗುತ್ತಿದೆ ಎಂದರೆ ಬ್ಯಾಕಪ್ ಆಯಿತು ಎಂದಲ್ಲ. ಇಲ್ಲಿ ಹಾಳಾದ ಫೈಲ್ ಅಲ್ಲಿಗೂ ಹಾಳಾಗಿಯೇ ಹೋಗುತ್ತದೆ. ಹಳೇ ಆವೃತ್ತಿಗಳನ್ನು ಎಷ್ಟು ದಿನ ಉಳಿಸುತ್ತಾರೆ ಎಂದು ನೋಡಿಕೊಳ್ಳಿ. ಆಗಾಗ ಒಂದು ಫೈಲನ್ನು ಬ್ಯಾಕಪ್‌ನಿಂದ ವಾಪಸ್ ತಂದು ತೆರೆದು ನೋಡಿ. ಆಫೀಸಿನ ಫೈಲ್‌ಗಳನ್ನು ಮಾತ್ರ ಆಫೀಸ್ ಹೇಳಿದ ಜಾಗಕ್ಕೇ ಹಾಕಿ, ನಿಮ್ಮ ಸ್ವಂತ ಡ್ರೈವ್‌ಗೆ ಬೇಡ.

ಮೀಟಿಂಗ್‌ಗಳ ಬಗ್ಗೆ ಎರಡೇ ಮಾತು. ಪಾಸ್‌ಕೋಡ್ ಮತ್ತು ವೇಟಿಂಗ್ ರೂಮ್ ಇರಲಿ. ಪರದೆ ಹಂಚಿಕೊಳ್ಳುವಾಗ ಇಡೀ ಪರದೆ ಬೇಡ, ಬೇಕಾದ ಕಿಟಕಿ ಮಾತ್ರ ಹಂಚಿ.

ಆಗಬಾರದ್ದು ಆಗಿಹೋದರೆ

ತಪ್ಪು ಲಿಂಕ್ ಒತ್ತಿದಿರಿ, ಪಾಸ್‌ವರ್ಡ್ ಕೊಟ್ಟುಬಿಟ್ಟಿರಿ ಎಂದುಕೊಳ್ಳಿ. ಮೊದಲು ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಕೀಳಿ. ಕಂಪ್ಯೂಟರ್ ಮಾತ್ರ ಆಫ್ ಮಾಡಬೇಡಿ, ಫಾರ್ಮ್ಯಾಟ್ ಅಂತೂ ಮಾಡಲೇಬೇಡಿ. ಏನಾಯಿತು ಎಂದು ತಿಳಿಯಲು ಆಫೀಸಿನವರಿಗೆ ಬೇಕಾದ ಸುಳಿವು ಮೆಮೊರಿಯಲ್ಲೇ ಇರಬಹುದು. ತಕ್ಷಣ ಆಫೀಸಿಗೆ ಫೋನ್ ಮಾಡಿ. ನಾಚಿಕೆಯಿಂದ ಮರುದಿನಕ್ಕೆ ತಳ್ಳಿದರೆ ಕಳ್ಳನಿಗೆ ಒಂದು ರಾತ್ರಿ ಪೂರ್ತಿ ಕೊಟ್ಟಂತೆ. ಆ ನಂಬರ್ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದರೆ ಪ್ರಯೋಜನವಿಲ್ಲ, ಮೊದಲೇ ಫೋನಿನಲ್ಲೂ ಕಾಗದದಲ್ಲೂ ಬರೆದಿಟ್ಟುಕೊಳ್ಳಿ. ಹಣ ಹೋಗಿದ್ದರೆ ಬ್ಯಾಂಕಿಗೂ ಅದೇ ಗಳಿಗೆಯಲ್ಲಿ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೀರೋ ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ. ಸ್ಕ್ರೀನ್‌ಶಾಟ್, ಮೇಲ್, ಫೋನ್ ನಂಬರ್ ಎಲ್ಲ ಉಳಿಸಿ, ಪೊಲೀಸರಿಗೆ ದೂರು ಕೊಡಲು ಬೇಕಾಗುತ್ತದೆ.

ಪಾಸ್‌ವರ್ಡ್‌ಗಳನ್ನು ಬೇರೊಂದು ಶುದ್ಧ ಕಂಪ್ಯೂಟರ್ ಅಥವಾ ಫೋನಿನಿಂದ ಬದಲಾಯಿಸಿ, ಮೊದಲು ಇಮೇಲ್‌ನದು. ಅದೇ ಪುಟದಲ್ಲಿ "ಎಲ್ಲ ಸಾಧನಗಳಿಂದ ಸೈನ್ ಔಟ್" ಎಂಬುದನ್ನೂ ಒತ್ತಿ, ಇಲ್ಲದಿದ್ದರೆ ಕದ್ದ ಕುಕೀ ಕೆಲಸ ಮಾಡುತ್ತಲೇ ಇರಬಹುದು. ಆಮೇಲೆ ಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್‌ಗಳನ್ನು ತೆರೆದು ನೋಡಿ. ಕಳ್ಳರು ಹೋಗುವ ಮುಂಚೆ, ಬರುವ ಮೇಲ್‌ನ ಪ್ರತಿ ತಮಗೂ ಸಿಗುವಂತೆ, ಎಚ್ಚರಿಕೆಯ ಮೇಲ್‌ಗಳು ಸೀದಾ ಕಸದ ಬುಟ್ಟಿಗೆ ಬೀಳುವಂತೆ ಒಂದು ನಿಯಮ ಬರೆದಿಟ್ಟು ಹೋಗುವುದುಂಟು. ನೀವು ಬರೆಯದ ನಿಯಮ ಕಂಡರೆ ಫೋಟೋ ತೆಗೆದು ಆಫೀಸಿಗೆ ಕಳಿಸಿ, ನಂತರ ಅಳಿಸಿ. ರಿಕವರಿ ಫೋನ್ ನಂಬರ್ ಮತ್ತು ರಿಕವರಿ ಮೇಲ್ ಇನ್ನೂ ನಿಮ್ಮದೇ ಇವೆಯಾ ಎಂದೂ ಅಲ್ಲೇ ನೋಡಿಬಿಡಿ.